ಟೂ ವೀಲ್ ಡ್ರೈವ್ ಪಿಕಪ್‌ಗೆ ಕಡಿಮೆ ಖರ್ಚಿನ ಲಿಫ್ಟ್: ಯಾವುದು ಕೊಳ್ಳಬೇಕು, ಎಲ್ಲಿಗೆ ನಿಲ್ಲಿಸಬೇಕು

ಅಮೆರಿಕದಲ್ಲಿ ಹಳೆಯ ಪಿಕಪ್ ಕೊಂಡ ಕನ್ನಡಿಗ ಗೆಳೆಯರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಗಾಡಿ ಟೂ ವೀಲ್ ಡ್ರೈವ್. ಫೋರ್ ವೀಲ್ ಡ್ರೈವ್‌ಗೆ ದುಡ್ಡು ಸಾಲಲಿಲ್ಲ. ಸ್ವಲ್ಪ ಎತ್ತರ ಮಾಡಿಸಬೇಕು. ಐನೂರು ಡಾಲರ್ ಒಳಗೆ ಆಗುತ್ತಾ?" (ಇಲ್ಲಿ ಟೂ ವೀಲ್ ಡ್ರೈವ್ ಅಂದರೆ ಎಂಜಿನ್ ಶಕ್ತಿ ಹಿಂದಿನ ಎರಡು ಚಕ್ರಕ್ಕಷ್ಟೇ ಹೋಗುವ ಗಾಡಿ; ಫೋರ್ ವೀಲ್ ಡ್ರೈವ್‌ನಲ್ಲಿ ನಾಲ್ಕಕ್ಕೂ ಹೋಗುತ್ತದೆ.) ಆಗುತ್ತದೆ. ಆದರೆ ಕೇಳುವವರಲ್ಲಿ ಅರ್ಧ ಜನಕ್ಕೆ ಬೇಕಾದ್ದು ಎತ್ತರವೇ ಅಲ್ಲ, ಒಳ್ಳೆಯ ಟೈರು. ಉಳಿದವರಲ್ಲಿ ಬಹಳಷ್ಟು ಮಂದಿ ತಮ್ಮ ಗಾಡಿಗೆ ಹೊಂದದ ಲಿಫ್ಟ್ ಕಿಟ್, ಅಂದರೆ ಗಾಡಿಯನ್ನು ಎತ್ತರಿಸುವ ಬಿಡಿಭಾಗಗಳ ಕಟ್ಟು, ತರಿಸಿಕೊಂಡು ಅದನ್ನು ಗ್ಯಾರೇಜಿನ ಮೂಲೆಯಲ್ಲಿಟ್ಟಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು, ಕರ್ನಾಟಕದಲ್ಲಿ ಕುಳಿತು ಓದುತ್ತಿರುವವರಿಗೆ: ಇದನ್ನು ನಿಮ್ಮ ಗಾಡಿಗೆ ಮಾಡಿಸಬೇಡಿ. ಭಾರತದ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ತಪ್ಪಿದರೆ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮುಂದೆ ಬರೆದಿರುವುದು ಅಮೆರಿಕದ ಗಾಡಿಗಳಿಗೆ, ಅಲ್ಲಿಯ ರಸ್ತೆಗಳಿಗೆ.

1. ಯಾಕೆ ಎತ್ತರಿಸಬೇಕು ಅಂತ ಒಂದು ಸಾಲಿನಲ್ಲಿ ಬರೆಯಿರಿ

ತಮಾಷೆಗೆ ಹೇಳುತ್ತಿಲ್ಲ, ನಿಜವಾಗಿಯೂ ಬರೆದು ನೋಡಿ. "ಕೆಸರಲ್ಲಿ ಹೂತುಕೊಳ್ಳುತ್ತದೆ" ಅಂತ ಬರೆದರೆ ನಿಮಗೆ ಲಿಫ್ಟ್ ಬೇಡ. ಪಿಕಪ್‌ನ ಭಾರವೆಲ್ಲ ಮುಂದೆ ಎಂಜಿನ್ ಇರುವ ಕಡೆ. ತಳ್ಳುವ ಚಕ್ರಗಳು ಮಾತ್ರ ಸಾಮಾನು ಹೇರುವ ಖಾಲಿ ತೊಟ್ಟಿಯ ಕೆಳಗೆ, ಹಿಂದೆ. ಒಂದು ಹಿಂಚಕ್ರ ಜಾರಲು ಶುರುವಾದರೆ ಸಾಮಾನ್ಯ ಡಿಫರೆನ್ಷಿಯಲ್ ಎಲ್ಲ ಶಕ್ತಿಯನ್ನೂ ಆ ಜಾರುವ ಚಕ್ರದಲ್ಲೇ ಕಳೆದುಬಿಡುತ್ತದೆ. (ಡಿಫರೆನ್ಷಿಯಲ್ ಅಂದರೆ ಹಿಂದಿನ ಆಕ್ಸಲ್ ನಡುವೆ ಕಾಣುವ ಗುಂಡನೆಯ ಗೇರು ಡಬ್ಬಿ. ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವುದು ಅದರ ಕೆಲಸ.) ಗಾಡಿಯನ್ನು ಮೂರಿಂಚು ಎತ್ತರಿಸಿದರೂ ಇದರಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗದು. ಆಲ್ ಟೆರೇನ್ ಟೈರು, ಹಿಂದಿನ ಆಕ್ಸಲ್ ಮೇಲೆ ಕಟ್ಟಿಟ್ಟ ಒಂದೆರಡು ಮರಳಿನ ಚೀಲ, ದುಡ್ಡಿದ್ದರೆ ಲಾಕ್ ಆಗುವ ಡಿಫರೆನ್ಷಿಯಲ್, ಇವು ಕೆಸರಿಗೆ ಮದ್ದು.

"ಕಲ್ಲಿಗೆ ತಳ ತಾಗುತ್ತದೆ" ಅಂತ ಬರೆದಿದ್ದರೆ ಯಾವ ಭಾಗ ತಾಗುತ್ತದೆ ಅಂತ ಬಗ್ಗಿ ನೋಡಿ. ಚಾಸಿಯೋ (ಗಾಡಿಯ ಉಕ್ಕಿನ ಅಡಿಗಟ್ಟು) ಮುಂದಿನ ಅಡ್ಡ ಪಟ್ಟಿಯೋ ತಾಗುತ್ತಿದ್ದರೆ ಲಿಫ್ಟ್ ನೆರವಾಗುತ್ತದೆ. ಡಿಫರೆನ್ಷಿಯಲ್ ಡಬ್ಬಿ ತಾಗುತ್ತಿದ್ದರೆ ಎಂಥ ಲಿಫ್ಟೂ ಪ್ರಯೋಜನವಿಲ್ಲ. ಸಸ್ಪೆನ್ಶನ್ (ಚಕ್ರಕ್ಕೂ ಚಾಸಿಗೂ ನಡುವಿನ ಸ್ಪ್ರಿಂಗ್, ಶಾಕ್‌ಗಳ ಜೋಡಣೆ) ಲಿಫ್ಟ್ ಎತ್ತುವುದು ಆಕ್ಸಲ್ ಮೇಲಿರುವುದನ್ನು ಮಾತ್ರ. ಆಕ್ಸಲ್ ನೆಲದಿಂದ ಎಷ್ಟು ಮೇಲಿದೆ ಎನ್ನುವುದು ಟೈರಿನ ಎತ್ತರಕ್ಕೆ ಸೇರಿದ್ದು.

"ದೊಡ್ಡ ಟೈರು ಹಾಕಬೇಕು, ಈಗ ಫೆಂಡರ್‌ಗೆ (ಚಕ್ರದ ಮೇಲಿನ ತಗಡಿಗೆ) ಉಜ್ಜುತ್ತದೆ", "ಮುಂಭಾಗ ಕುಸಿದು ಕೂತಿದೆ", "ನೋಡಲು ಚೆನ್ನಾಗಿರಬೇಕು" ಇವೆಲ್ಲ ನ್ಯಾಯವಾದ ಕಾರಣಗಳೇ. ಕೊನೆಯದನ್ನು ಒಪ್ಪಿಕೊಳ್ಳಲು ನಾಚಿಕೆ ಬೇಡ. ಅದೇ ಕಾರಣವಾದರೆ ಎರಡು ಇಂಚಿಗೆ ನಿಲ್ಲಿಸಿ, ಅಷ್ಟೆ.

2. ನಿಮ್ಮ ಗಾಡಿಯ ಕೆಳಗೆ ಏನಿದೆ ಎಂದು ತಿಳಿಯಿರಿ

ತಪ್ಪು ಕಿಟ್ ಬರುವುದು ಈ ಹಂತವನ್ನು ಹಾರಿದವರಿಗೆ. ಒಂದೇ ಹೆಸರಿನ, ಒಂದೇ ವರ್ಷದ ಗಾಡಿಯಲ್ಲೂ ಟೂ ವೀಲ್ ಡ್ರೈವ್‌ಗೆ ಒಂದು ಬಗೆಯ ಸಸ್ಪೆನ್ಶನ್, ಫೋರ್ ವೀಲ್ ಡ್ರೈವ್‌ಗೆ ಇನ್ನೊಂದು ಬಗೆ ಇರಬಹುದು. 1999ರಿಂದ 2006ರವರೆಗಿನ ಶೆವರ್ಲೆ ಸಿಲ್ವರಾಡೋ 1500 ನೋಡಿ: ಟೂ ವೀಲ್ ಡ್ರೈವ್‌ಗೆ ಮುಂದೆ ಸುರುಳಿ ಸ್ಪ್ರಿಂಗ್, ಫೋರ್ ವೀಲ್ ಡ್ರೈವ್‌ಗೆ ಟಾರ್ಷನ್ ಬಾರ್. "ಸಿಲ್ವರಾಡೋಗೆ ಲಿಫ್ಟ್ ಕಿಟ್" ಎಂದು ಹುಡುಕಿ ಮೊದಲು ಕಂಡದ್ದನ್ನು ತರಿಸಿದರೆ ಡಬ್ಬಿಯಲ್ಲಿ ನಿಮ್ಮ ಗಾಡಿಯಲ್ಲಿ ಇಲ್ಲವೇ ಇಲ್ಲದ ಭಾಗಕ್ಕೆ ಸಾಮಾನು ಬಂದಿರುತ್ತದೆ.

ಮುಂದಿನ ಚಕ್ರದ ಹಿಂದೆ ಟಾರ್ಚ್ ಹಿಡಿದು ನೋಡಿ. ನಾಲ್ಕರಲ್ಲಿ ಒಂದು ಕಾಣುತ್ತದೆ.

ಸುರುಳಿ ಸ್ಪ್ರಿಂಗ್ ಒಂದೆಡೆ, ಶಾಕ್ ಅಬ್ಸಾರ್ಬರ್ ಬೇರೆಯಾಗಿ: ಕೆಳಗಿನ ಆರ್ಮ್‌ಗೂ ಚಾಸಿಗೂ ನಡುವೆ ದಪ್ಪ ಸ್ಪ್ರಿಂಗ್ ಕೂತಿರುತ್ತದೆ. (ಆರ್ಮ್ ಅಂದರೆ ಚಕ್ರವನ್ನು ಚಾಸಿಗೆ ಕೂಡಿಸುವ, ಮೇಲೆ ಕೆಳಗೆ ಆಡುವ ಉಕ್ಕಿನ ತೋಳು.) ಮೇಲೆ ಹೇಳಿದ ಸಿಲ್ವರಾಡೋ, 1997ರಿಂದ 2003ರವರೆಗಿನ ಟೂ ವೀಲ್ ಡ್ರೈವ್ ಫೋರ್ಡ್ ಎಫ್-150 ಈ ಬಗೆಯವು.

ಸ್ಟ್ರಟ್: ಶಾಕ್ ಅಬ್ಸಾರ್ಬರ್ ಸುತ್ತಲೇ ಸ್ಪ್ರಿಂಗ್ ಹಾಕಿ ಒಂದೇ ಘಟಕವಾಗಿ ಮಾಡಿದ್ದು. 2004ರ ನಂತರದ ಎಫ್-150, 2007ರ ಹೊಸ ಮಾದರಿಯಿಂದೀಚಿನ ಸಿಲ್ವರಾಡೋ 1500, 2005ರಿಂದೀಚಿನ ಟೊಯೋಟಾ ಟಕೋಮಾ ಹೀಗಿವೆ.

ಟಾರ್ಷನ್ ಬಾರ್: ಸ್ಪ್ರಿಂಗೇ ಕಾಣದು. ಅದರ ಬದಲು ಚಾಸಿಯ ಉದ್ದಕ್ಕೂ ಒಂದು ಉಕ್ಕಿನ ಸಲಾಕೆ ಇದ್ದು, ಅದು ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುತ್ತದೆ. 1995ರವರೆಗಿನ ಟೊಯೋಟಾದ ಚಿಕ್ಕ ಪಿಕಪ್‌ಗಳಲ್ಲಿ ಇದಿತ್ತು.

ಟ್ವಿನ್ ಐ ಬೀಮ್: ಎರಡು ಉದ್ದನೆಯ ಉಕ್ಕಿನ ತೊಲೆಗಳು ಒಂದನ್ನೊಂದು ದಾಟಿ ಹೋಗಿರುತ್ತವೆ. 1965ರಿಂದ 1996ರವರೆಗಿನ ಟೂ ವೀಲ್ ಡ್ರೈವ್ ಫೋರ್ಡ್ ಅರ್ಧ ಟನ್ (ಎಫ್-150 ದರ್ಜೆಯ) ಗಾಡಿಗಳ ಗುರುತೇ ಇದು. ಫೋರ್ಡಿನ ಚಿಕ್ಕ ಪಿಕಪ್ ಆದ ಹಳೆಯ ರೇಂಜರ್‌ಗಳಲ್ಲೂ ಇತ್ತು.

ಟಕೋಮಾ ಇರುವವರು ಇನ್ನೊಂದು ನೋಡಬೇಕು. ಚಕ್ರಕ್ಕೆ ಎಷ್ಟು ನಟ್ಟು? 2005ರಲ್ಲಿ ಬಂದ ಪೀಳಿಗೆಯಲ್ಲಿ ಸಾದಾ ಟೂ ವೀಲ್ ಡ್ರೈವ್ ಮಾದರಿಗೆ ಐದು ನಟ್ಟು, ಪ್ರೀರನ್ನರ್ ಮಾದರಿಗೆ ಆರು. ಪ್ರೀರನ್ನರ್ ಟೂ ವೀಲ್ ಡ್ರೈವ್ ಆದರೂ ಫೋರ್ ವೀಲ್ ಡ್ರೈವ್ ಗಾಡಿಯ ಎತ್ತರದಲ್ಲೇ ಕಾರ್ಖಾನೆಯಿಂದ ಬರುತ್ತಿತ್ತು. ಹಾಗಾಗಿ ಫೋರ್ ವೀಲ್ ಡ್ರೈವ್ ಟಕೋಮಾದ ಹೆಚ್ಚಿನ ಕಿಟ್‌ಗಳು ಅದಕ್ಕೆ ಕೂರುತ್ತವೆ, ಐದು ನಟ್ಟಿನದಕ್ಕೆ ಕೂರುವುದಿಲ್ಲ. ಇನ್ನೂ ಗಾಡಿಯನ್ನೇ ಕೊಂಡಿಲ್ಲ ಎನ್ನುವವರಿಗೆ ನನ್ನ ಸಲಹೆ: ಐದು ನಟ್ಟಿನದನ್ನು ಕೊಂಡು ಎತ್ತರಿಸುವ ಬದಲು ಆರು ನಟ್ಟಿನದಕ್ಕೆ ಸ್ವಲ್ಪ ಹೆಚ್ಚು ಕೊಡಿ. ಲಿಫ್ಟಿನ ಖರ್ಚೇ ಉಳಿಯುತ್ತದೆ.

ಹಿಂಭಾಗ ಸುಲಭ. ಬಹುತೇಕ ಪಿಕಪ್‌ಗಳಿಗೆ ಕಮಾನು ಪಟ್ಟಿ, ಅಂದರೆ ನಮ್ಮೂರ ಲಾರಿಗಳಲ್ಲಿ ಕಾಣುವಂಥದೇ ಲೀಫ್ ಸ್ಪ್ರಿಂಗ್. ದೊಡ್ಡ ಅಪವಾದವೆಂದರೆ 2009ರಿಂದೀಚಿನ ರ‍್ಯಾಮ್ 1500. ಅದಕ್ಕೆ ಹಿಂದೆಯೂ ಸುರುಳಿ ಸ್ಪ್ರಿಂಗ್.

3. ಅಳೆಯಿರಿ, ಅಲ್ಲಾಡಿಸಿ ನೋಡಿ

ಗಾಡಿಯನ್ನು ಸಮತಟ್ಟಾದ ಕಾಂಕ್ರೀಟ್ ಮೇಲೆ ನಿಲ್ಲಿಸಿ. ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಟ್ಟುಕೊಳ್ಳಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಕಡಿಮೆ ಇದ್ದರೂ ಲೆಕ್ಕ ತಪ್ಪುತ್ತದೆ. ಸಾಮಾನ್ಯವಾಗಿ ಹಿಂಭಾಗ ಮುಂಭಾಗಕ್ಕಿಂತ ಒಂದೆರಡು ಇಂಚು ಎತ್ತರ ಇರುತ್ತದೆ. ಅದು ದೋಷವಲ್ಲ, ಹೊರೆ ಹೇರಿದಾಗ ಗಾಡಿ ಸಮನಾಗಲಿ ಎಂದು ಕಾರ್ಖಾನೆಯವರು ಬಿಟ್ಟದ್ದು. ವಾರವಾರ ಗೊಬ್ಬರವೋ ಇಟ್ಟಿಗೆಯೋ ಹೇರುವವರು ಮುಂಭಾಗವನ್ನು ಹಿಂಭಾಗದ ಸಮಕ್ಕೆ ತಂದರೆ ಹೊರೆ ಬಿದ್ದಾಗ ಗಾಡಿಯ ಮೂತಿ ಆಕಾಶ ನೋಡುತ್ತದೆ.

ಆಮೇಲೆ ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ, ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಚಕ್ರದ ಮೇಲೂ ಕೆಳಗೂ ಕೈಯಿಟ್ಟು ಅಲ್ಲಾಡಿಸಿ. ಲೊಡಲೊಡ ಎಂದರೆ ಬಾಲ್ ಜಾಯಿಂಟೋ (ಆರ್ಮ್ ತುದಿಯಲ್ಲಿರುವ ಗುಂಡನೆಯ ಕೀಲು) ಬೇರಿಂಗೋ ಸವೆದಿದೆ. ಎಡಬಲ ಹಿಡಿದು ಅಲ್ಲಾಡಿಸಿದಾಗ ಆಡಿದರೆ ಟೈ ರಾಡ್ ತುದಿ ಹೋಗಿದೆ, ಅಂದರೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಕೀಲು. ಇವುಗಳನ್ನು ಬದಲಾಯಿಸದೆ ಲಿಫ್ಟ್ ಹಾಕುವುದು ಮುರುಕು ಕಾಲಿಗೆ ಎತ್ತರದ ಚಪ್ಪಲಿ ಹಾಕಿದಂತೆ. ಸ್ಪ್ರಿಂಗ್ ಕುಸಿದ ಹಳೆಯ ಗಾಡಿಯಾದರೆ ಹೊಸ ಕಾರ್ಖಾನೆ ಸ್ಪ್ರಿಂಗ್ ಹಾಕಿದರೇ ಕಳೆದುಹೋದ ಎತ್ತರ ವಾಪಸು ಬರುತ್ತದೆ. ಹಲವರ ಕೆಲಸ ಇಲ್ಲಿಗೇ ಮುಗಿಯುತ್ತದೆ.

4. ಮುಂಭಾಗಕ್ಕೆ ಯಾವುದು?

ಫೋರ್ ವೀಲ್ ಡ್ರೈವ್ ಗೆಳೆಯರು ನಿಮ್ಮನ್ನು ಎಷ್ಟೇ ಛೇಡಿಸಲಿ, ಇಲ್ಲಿ ನಿಮ್ಮ ಗಾಡಿಗೊಂದು ಅನುಕೂಲವಿದೆ. ಅವರ ಗಾಡಿಯಲ್ಲಿ ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಆಕ್ಸಲ್ ಶಾಫ್ಟ್ ಇರುತ್ತದೆ. ಎತ್ತರಿಸಿದಂತೆಲ್ಲ ಅದರ ಕೋನ ಕೆಟ್ಟು ಬೇಗ ಸವೆಯುತ್ತದೆ, ಅದನ್ನು ಸರಿಪಡಿಸಲು ಡಿಫರೆನ್ಷಿಯಲ್ಲನ್ನೇ ಕೆಳಗಿಳಿಸಬೇಕಾಗುತ್ತದೆ. ನಿಮ್ಮ ಗಾಡಿಯಲ್ಲಿ ಆ ಶಾಫ್ಟೇ ಇಲ್ಲ. ಆದ್ದರಿಂದ ಅವರಿಗೆ ದುಬಾರಿಯಾಗುವ ಎತ್ತರ ನಿಮಗೆ ಅಗ್ಗಕ್ಕೆ ಸಿಗುತ್ತದೆ.

*ಲಿಫ್ಟ್ ಸ್ಪಿಂಡಲ್.* ಸ್ಪ್ರಿಂಗ್ ಬೇರೆ, ಶಾಕ್ ಬೇರೆ ಇರುವ ಗಾಡಿಯಾದರೆ ನಾನು ಮೊದಲು ಹುಡುಕುವುದು ಇದನ್ನೇ. ಸ್ಪಿಂಡಲ್ ಅಂದರೆ ಮೇಲಿನ ಮತ್ತು ಕೆಳಗಿನ ಆರ್ಮ್‌ಗಳನ್ನು ಕೂಡಿಸುವ ಉಕ್ಕಿನ ತುಂಡು. ಚಕ್ರ ಕೂರುವ ಗೂಟ ಅದರಲ್ಲೇ ಇರುತ್ತದೆ. ಲಿಫ್ಟ್ ಸ್ಪಿಂಡಲ್‌ನಲ್ಲಿ ಆ ಗೂಟವನ್ನು ಮೂರು ನಾಲ್ಕು ಇಂಚು ಕೆಳಗಿಟ್ಟಿರುತ್ತಾರೆ. ಚಕ್ರ ಕೆಳಗೆ ಹೋಯಿತು, ಗಾಡಿ ಮೇಲೆ ಬಂತು. ಆರ್ಮ್‌ಗಳ ಕೋನ, ಸ್ಪ್ರಿಂಗ್, ಶಾಕ್ ಎಲ್ಲ ಕಾರ್ಖಾನೆಯಿಂದ ಬಂದಂತೆಯೇ ಉಳಿಯುತ್ತವೆ, ಓಡಾಟದ ಮೆತ್ತನೆಯೂ ಉಳಿಯುತ್ತದೆ. ನಾನು ಕಂಡಂತೆ ಜೋಡಿಗೆ 200ರಿಂದ 400 ಡಾಲರ್. ಎಲ್ಲ ಗಾಡಿಗೂ ಸಿಗುವುದಿಲ್ಲ ಎನ್ನುವುದೊಂದೇ ಬೇಸರ. ಕೊಳ್ಳುವ ಮೊದಲು ಎರಡು ವಿಷಯ ಕೇಳಿ: ಈಗಿರುವ ಚಕ್ರದ ರಿಮ್ ಒಳಗೆ ಇದು ತಾಗದೆ ಕೂರುತ್ತದೆಯೇ? ಬ್ರೇಕ್ ಮೆದುಗೊಳವೆಗೆ ಬೇರೆ ಬ್ರ್ಯಾಕೆಟ್ ಬೇಕೇ? ದೊಡ್ಡ ರಿಮ್ ಬೇಕೇಬೇಕು ಎನ್ನುವ ಸ್ಪಿಂಡಲ್‌ಗಳಿವೆ. ಆಗ ನಾನೂರು ಡಾಲರಿನ ಕೆಲಸ ಸಾವಿರ ದಾಟಿ, ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

*ಸ್ಟ್ರಟ್ ಮೇಲಿನ ಸ್ಪೇಸರ್.* ಸ್ಟ್ರಟ್ ಇರುವ ಗಾಡಿಗೆ ಅಗ್ಗದ ಮಾರ್ಗ. ಸ್ಟ್ರಟ್ ತಲೆಗೂ ಚಾಸಿಗೂ ನಡುವೆ ಒಂದು ಬಿಲ್ಲೆ ಕೂರಿಸುವುದು. "ಎರಡೂವರೆ ಇಂಚಿನ ಕಿಟ್ ಅಂದರು, ಬಿಲ್ಲೆ ನೋಡಿದರೆ ಒಂದೂಕಾಲು ಇಂಚಿದೆ, ಮೋಸ ಮಾಡಿದರು" ಎಂಬ ದೂರು ನನಗೆ ಪದೇಪದೇ ಬರುತ್ತದೆ. ಮೋಸವಾಗಿಲ್ಲ. ಸ್ಟ್ರಟ್ಟಿನ ಬುಡ ಕೆಳಗಿನ ಆರ್ಮ್‌ನ ತುದಿಯಲ್ಲಿಲ್ಲ, ನಡುವೆ ಎಲ್ಲೋ ಇದೆ. ಆರ್ಮ್ ಒಂದು ಸನ್ನೆಗೋಲಿನಂತೆ. ನಡುವೆ ಒಂದಿಂಚು ತಳ್ಳಿದರೆ ತುದಿಯ ಚಕ್ರ ಹೆಚ್ಚುಕಡಿಮೆ ಎರಡಿಂಚು ಕೆಳಗೆ ಹೋಗುತ್ತದೆ. ಇದು ತಿಳಿಯದೆ ಎರಡೂವರೆ ಇಂಚು ದಪ್ಪದ ಬಿಲ್ಲೆಯನ್ನೇ ಮಾಡಿಸಿ ಕೂರಿಸಿದರೆ ಬಾಲ್ ಜಾಯಿಂಟ್ ತನ್ನ ಮಿತಿ ದಾಟಿ ವಾಲುತ್ತದೆ, ಮೇಲಿನ ಆರ್ಮ್ ಸ್ಪ್ರಿಂಗಿಗೆ ಬಡಿಯುತ್ತದೆ.

ಸ್ಟ್ರಟ್ಟಿನ ಒಳಗೇ ಸ್ಪ್ರಿಂಗಿನ ತಲೆಯ ಮೇಲೆ ಕೂರಿಸಿ ಸ್ಪ್ರಿಂಗನ್ನು ಇನ್ನಷ್ಟು ಒತ್ತಿಹಿಡಿಯುವ ಬಿಲ್ಲೆಗಳೂ ಇವೆ. ಅವುಗಳಿಂದ ಗಾಡಿ ಗಡುಸಾಗುತ್ತದೆ. ಮೇಲಾಗಿ ಹಾಕಲು ಸ್ಟ್ರಟ್ ಬಿಚ್ಚಬೇಕು, ಅದು ಮನೆಯ ಕೆಲಸವಲ್ಲ. ಎರಡಿಂಚಿನ ಒಳಗಿನ ಎತ್ತರಕ್ಕೆ ಮೇಲಿನ ಬಿಲ್ಲೆ ಸಾಕು. 50ರಿಂದ 150 ಡಾಲರ್.

*ಎತ್ತರದ ಸ್ಪ್ರಿಂಗ್ ಅಥವಾ ಸ್ಪ್ರಿಂಗ್ ಸ್ಪೇಸರ್.* ಸ್ಪಿಂಡಲ್ ಸಿಗದ ಸುರುಳಿ ಸ್ಪ್ರಿಂಗ್ ಗಾಡಿಗಳಿಗೆ. ಇಲ್ಲೂ ಸನ್ನೆಗೋಲಿನ ಲೆಕ್ಕವೇ.

*ಟಾರ್ಷನ್ ಬಾರ್ ತಿರುಗಿಸುವುದು.* ಖರ್ಚೇ ಇಲ್ಲ, ಇರುವ ಬೋಲ್ಟನ್ನು ತಿರುಗಿಸಿದರೆ ಮುಂಭಾಗ ಏರುತ್ತದೆ. ಹಾಗಾಗಿಯೇ ಜನ ಇದನ್ನು ಅತಿಯಾಗಿ ಮಾಡುತ್ತಾರೆ. ಒಂದು, ಹೆಚ್ಚೆಂದರೆ ಒಂದೂವರೆ ಇಂಚು. ಅದಕ್ಕೂ ಮೇಲೆ ಹೋದರೆ ಚಕ್ರ ಗುಂಡಿಗಿಳಿಯಲು ಜಾಗವೇ ಉಳಿಯದೆ, ಪ್ರತಿ ಹಳ್ಳಕ್ಕೂ ಗಾಡಿ ದಡ್ ಎನ್ನುತ್ತದೆ.

*ಟ್ವಿನ್ ಐ ಬೀಮ್ ಇದ್ದರೆ* ಬರೀ ಎತ್ತರದ ಸ್ಪ್ರಿಂಗ್ ಹಾಕಿ ಸುಮ್ಮನಾಗಬೇಡಿ. ತೊಲೆಗಳು ಕೆಳಕ್ಕೆ ಜೋತು ಚಕ್ರಗಳ ತಲೆ ಹೊರಕ್ಕೆ ವಾಲುತ್ತದೆ, ಟೈರಿನ ಹೊರ ಅಂಚು ಬೇಗ ಬೋಳಾಗುತ್ತದೆ. ಒಂದೂವರೆ ಎರಡು ಇಂಚಿನವರೆಗೆ ಈ ವಾಲಿಕೆ ತಿದ್ದುವ ಬೇರೆ ಕ್ಯಾಂಬರ್ ಬುಷ್ ಹಾಕಿ ಸರಿಪಡಿಸಬಹುದು. ಅದಕ್ಕಿಂತ ಹೆಚ್ಚು ಬೇಕೆಂದರೆ ತೊಲೆಯ ಕೀಲನ್ನೇ ಕೆಳಗಿಳಿಸುವ ಬ್ರ್ಯಾಕೆಟ್ ಇರುವ ಕಿಟ್ ಬೇಕು.

5. ಹಿಂಭಾಗ

ಮೂರು ದಾರಿಗಳಿವೆ. ಬ್ಲಾಕ್ ಎಂದರೆ ಆಕ್ಸಲ್‌ಗೂ ಕಮಾನು ಪಟ್ಟಿಗೂ ನಡುವೆ ಇಡುವ ಲೋಹದ ತುಂಡು. ಅಗ್ಗ, ಮೆತ್ತನೆ ಬದಲಾಗುವುದಿಲ್ಲ, ಯು ಬೋಲ್ಟ್ (ಆಕ್ಸಲನ್ನು ಪಟ್ಟಿಗೆ ಬಿಗಿಯುವ ಬಾಗಿದ ಬೋಲ್ಟ್) ಸೇರಿ 50ರಿಂದ 100 ಡಾಲರ್. ಪಟ್ಟಿಗಳ ಕಟ್ಟಿಗೆ ಇನ್ನೊಂದು ಪಟ್ಟಿ ಸೇರಿಸಬಹುದು. ಹೊರೆ ಹೊರುವವರಿಗೆ ಇದು ಒಳ್ಳೆಯದು, ಖಾಲಿ ಓಡಿಸಿದಾಗ ಕುಲುಕುತ್ತದೆ. ಮೂರನೆಯದು ಉದ್ದನೆಯ ಶ್ಯಾಕಲ್, ಅಂದರೆ ಪಟ್ಟಿಯ ಹಿಂತುದಿಯನ್ನು ಚಾಸಿಗೆ ತೂಗುಹಾಕುವ ಕೊಂಡಿ. ಎರಡಿಂಚು ಉದ್ದ ಮಾಡಿದರೆ ಒಂದಿಂಚು ಎತ್ತರ ಸಿಗುತ್ತದೆ. ಜತೆಗೆ ಆಕ್ಸಲ್ ಕೂಡ ತುಸು ತಿರುಗಿಕೊಳ್ಳುತ್ತದೆ. ನಾನು ಹಾಕುವುದಿಲ್ಲ.

ಹೆಚ್ಚಿನವರಿಗೆ ಒಂದೂವರೆ ಎರಡಿಂಚಿನ ಬ್ಲಾಕ್ ಸಾಕು. ಮೂರು ಕಟ್ಟಳೆ ಇಲ್ಲಿ ಮೀರಲೇಬಾರದು. ಒಂದರ ಮೇಲೊಂದು ಬ್ಲಾಕ್ ಪೇರಿಸಬೇಡಿ. ಮರದ್ದೋ ಮನೆಯಲ್ಲಿ ಬೆಸುಗೆ ಹಾಕಿದ್ದೋ ಇಡಬೇಡಿ. ಹಳೆಯ ಯು ಬೋಲ್ಟನ್ನು ಮತ್ತೆ ಬಳಸಬೇಡಿ. ಯು ಬೋಲ್ಟ್ ಒಮ್ಮೆ ಬಿಗಿದಾಗ ತುಸು ಎಳೆದುಕೊಂಡಿರುತ್ತದೆ, ಎರಡನೇ ಸಲ ಅದೇ ಬಿಗಿ ಹಿಡಿಯುವ ಖಾತ್ರಿ ಇಲ್ಲ. ನಾನು ಒಮ್ಮೆ ಮೂವತ್ತು ಡಾಲರ್ ಉಳಿಸಲು ಹೋಗಿ ಹಳೆಯದನ್ನೇ ಹಾಕಿದ್ದೆ. ವಾರದಲ್ಲಿ ಸಡಿಲವಾಗಿ, ಬ್ರೇಕ್ ಒತ್ತಿದಾಗಲೆಲ್ಲ ಹಿಂದಿನಿಂದ ಟಣ್ ಎಂಬ ಸದ್ದು.

ಹೊರಡುವಾಗ ಗಾಡಿ ನಡುಗಲು ಶುರುವಾದರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಟ್ಟಿದೆ ಎಂದರ್ಥ. ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದನೆಯ ಕೊಳವೆಯೇ ಈ ಶಾಫ್ಟ್. ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳ್ಳಗಿರುವ ಬ್ಲಾಕ್ ಹಾಕಿ ಆಕ್ಸಲ್ ಮೂತಿಯ ಕೋನ ಸರಿಪಡಿಸುತ್ತಾರೆ. ಎರಡು ತುಂಡಿನ ಶಾಫ್ಟ್ ಇದ್ದರೆ ನಡುವಿನ ಬೇರಿಂಗನ್ನು ತುಸು ಕೆಳಗಿಳಿಸುವ ಬಿಲ್ಲೆಗಳು ಸಿಗುತ್ತವೆ.

ಟೊಯೋಟಾದವರಿಗೆ ಪ್ರತ್ಯೇಕ ಎಚ್ಚರಿಕೆ: ಹಿಂದಿನ ಆಕ್ಸಲ್‌ನಿಂದ ಚಾಸಿಗೆ ಹೋಗುವ ಸಣ್ಣ ಸಲಾಕೆಯೊಂದು ಕಂಡರೆ ಅದು ಹೊರೆ ನೋಡಿ ಬ್ರೇಕ್ ಹಂಚುವ ವಾಲ್ವ್‌ನದು. ಹಿಂಭಾಗ ಎತ್ತರವಾದರೆ "ಗಾಡಿ ಖಾಲಿ ಇದೆ" ಎಂದು ಅದು ತಿಳಿದು ಹಿಂದಿನ ಬ್ರೇಕ್ ಬಲ ಕಡಿಮೆ ಮಾಡುತ್ತದೆ. ಎಷ್ಟು ಎತ್ತರಿಸಿದ್ದೀರೋ ಅಷ್ಟಕ್ಕೆ ಆ ಸಲಾಕೆಯನ್ನು ಹೊಂದಿಸುವ ಬ್ರ್ಯಾಕೆಟ್ ಹಾಕಲೇಬೇಕು. ಅಗ್ಗದ ಕಿಟ್‌ಗಳಲ್ಲಿ ಇದು ಹೆಚ್ಚಾಗಿ ಇರುವುದಿಲ್ಲ.

6. ಕಾನೂನು, ವಿಮೆ

ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಕೆಲವು ಬಂಪರ್ ಎತ್ತರ ಅಳೆಯುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಅಳೆಯುವುದು ಚಾಸಿಯ ಎತ್ತರವನ್ನು: ಹೊರೆ ಸಮೇತ ಗರಿಷ್ಠ ತೂಕ 4,501ರಿಂದ 7,500 ಪೌಂಡ್ ಇರುವ ಗಾಡಿಗೆ ಮಿತಿ 30 ಇಂಚು. ಎರಡು ಮೂರು ಇಂಚು ಏರಿಸಿದವರು ಈ ಮಿತಿ ಮುಟ್ಟುವುದು ಅಪರೂಪ. ಸಿಕ್ಕಿಬೀಳುವುದು ಮುಂಭಾಗವನ್ನಷ್ಟೇ ಎತ್ತರಿಸಿ ಹಿಂಭಾಗ ಕುಕ್ಕರಿಸಿದವರು. ನಾರ್ತ್ ಕ್ಯಾರೊಲಿನಾದಲ್ಲಿ 2021ರ ಡಿಸೆಂಬರ್‌ನಿಂದ ಮುಂದಿನ ಫೆಂಡರ್ ಹಿಂದಿನದಕ್ಕಿಂತ 4 ಇಂಚು ಅಥವಾ ಹೆಚ್ಚು ಎತ್ತರವಾಗುವಂತೆ ಮಾರ್ಪಡಿಸುವುದು ಅಪರಾಧ. ವರ್ಜೀನಿಯಾ, ಸೌತ್ ಕ್ಯಾರೊಲಿನಾಗಳೂ ಆಮೇಲೆ ಇಂಥ ಕಾನೂನು ತಂದವು.

ವಿಮೆಯವರಿಗೆ ತಿಳಿಸಿಬಿಡಿ. ವಾರಂಟಿ ಇರುವ ಗಾಡಿಯಾದರೆ, ಲಿಫ್ಟ್ ಹಾಕಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಮಾಡಲು ಅಮೆರಿಕದ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆ ಬಿಡುವುದಿಲ್ಲ. ಕೆಟ್ಟ ಭಾಗಕ್ಕೂ ಲಿಫ್ಟಿಗೂ ಸಂಬಂಧವಿದ್ದರೆ ಮಾತ್ರ ಆ ಭಾಗದ ಖರ್ಚು ನಿಮ್ಮ ತಲೆಗೆ.

7. ನಿಜವಾದ ಖರ್ಚು

ಕಿಟ್ ಬೆಲೆಯಷ್ಟೇ ನೋಡಿ ಮೋಸ ಹೋಗಬೇಡಿ. ಸ್ಟ್ರಟ್ ಗಾಡಿಗೆ ಎರಡಿಂಚು ಏರಿಸುವ ಲೆಕ್ಕ ನೋಡೋಣ. ಮುಂದಿನ ಬಿಲ್ಲೆ 100, ಹಿಂದಿನ ಬ್ಲಾಕ್ ಮತ್ತು ಯು ಬೋಲ್ಟ್ 80, ಚಕ್ರಗಳ ಅಲೈನ್‌ಮೆಂಟ್ 100ರಿಂದ 150 ಡಾಲರ್. ನೀವೇ ಜೋಡಿಸಿದರೆ ಮುನ್ನೂರು ಚಿಲ್ಲರೆಗೆ ಮುಗಿಯಿತು. ಆ ಐನೂರರ ಪ್ರಶ್ನೆಗೆ ಉತ್ತರ ಇದೇ. ಅಂಗಡಿಯಲ್ಲಿ ಮಾಡಿಸಿದರೆ ಕೂಲಿಯೇ ಸಾಮಾನಿಗಿಂತ ಹೆಚ್ಚಾಗುತ್ತದೆ. ಇಬ್ಬರು ಮೂವರ ಬಳಿ ದರ ಕೇಳಿ. ಹಿಂದಿನ ಶಾಕ್ ಅಬ್ಸಾರ್ಬರ್ ಗಿಡ್ಡವಾದರೆ ಉದ್ದನೆಯದಕ್ಕೆ ಇನ್ನೊಂದಿಷ್ಟು ಹೋಗುತ್ತದೆ. ಇದನ್ನು ನೋಡದೆ ಬಿಟ್ಟರೆ ಗುಂಡಿಗಿಳಿದಾಗಲೆಲ್ಲ ಶಾಕ್ ತುದಿಗೆಳೆದು ಬೇಗ ಹರಿಯುತ್ತದೆ.

ಟೈರಿನ ಲೆಕ್ಕ ಬೇರೆಯೇ. 245/75 ಆರ್16 (ಟೈರಿನ ಬದಿಯಲ್ಲಿ ಬರೆದಿರುವ ಅಳತೆ) ಟೈರಿನ ವ್ಯಾಸ ಸುಮಾರು 774 ಮಿ.ಮೀ. ಅದರ ಬದಲು 265/75 ಆರ್16 ಹಾಕಿದರೆ 804. ಆಕ್ಸಲ್ ಏರುವುದು ವ್ಯತ್ಯಾಸದ ಅರ್ಧ, ಅಂದರೆ 15 ಮಿ.ಮೀ. ಮಾತ್ರ. ಆದರೆ ಸ್ಪೀಡೋಮೀಟರ್ 60 ಮೈಲಿ ತೋರಿಸುವಾಗ ಗಾಡಿ ನಿಜವಾಗಿ 62ಕ್ಕಿಂತ ತುಸು ಹೆಚ್ಚು ಓಡುತ್ತಿರುತ್ತದೆ. ಟೈರು ದೊಡ್ಡದಾದಷ್ಟೂ ಎಂಜಿನ್ ಏದುಸಿರು ಬಿಡುತ್ತದೆ, ಬ್ರೇಕ್ ಹಿಡಿಯಲು ಹೆಚ್ಚು ಜಾಗ ಬೇಕಾಗುತ್ತದೆ. ನಾಲ್ಕು ಸಿಲಿಂಡರಿನ ಸಣ್ಣ ಪಿಕಪ್‌ಗೆ ಒಂದು ಅಳತೆ ಮೇಲಕ್ಕೆ ಹೋದರೆ ಸಾಕು.

8. ಜೋಡಿಸುವಾಗ

ಕಿಟ್ ಜತೆ ಬಂದ ಸೂಚನೆಯ ಹಾಳೆಯನ್ನು ಪೂರ್ತಿ ಓದಿ. ಅದು ಹೇಳದೆ ಬಿಡುವ ಮಾತುಗಳು ಇವು:

ಜಾಕಿ ಎತ್ತುವುದಕ್ಕೆ, ಸ್ಟ್ಯಾಂಡ್ ಹಿಡಿದಿಡುವುದಕ್ಕೆ. ಬರೀ ಜಾಕಿ ಮೇಲಿರುವ ಗಾಡಿಯ ಕೆಳಗೆ ಒಂದು ನಿಮಿಷಕ್ಕೂ ತಲೆ ಹಾಕಬೇಡಿ.

ಒತ್ತಿಹಿಡಿದ ಸುರುಳಿ ಸ್ಪ್ರಿಂಗ್ ಸಿಡಿದರೆ ಜೀವ ತೆಗೆಯುತ್ತದೆ. ಸ್ಪ್ರಿಂಗ್ ಹೊರತೆಗೆಯುವ ಕೆಲಸವಿದ್ದರೆ ಸರಿಯಾದ ಸ್ಪ್ರಿಂಗ್ ಕಂಪ್ರೆಸರ್, ಅಂದರೆ ಸ್ಪ್ರಿಂಗನ್ನು ಒತ್ತಿಹಿಡಿಯುವ ಸಾಧನ, ಬೇಕು. ಸ್ಟ್ರಟ್ ಬಿಚ್ಚಬೇಕಿದ್ದರೆ ಅದನ್ನು ಅಂಗಡಿಗೆ ಒಯ್ದು ಅವರಿಂದಲೇ ಮಾಡಿಸಿ. ಟಾರ್ಷನ್ ಬಾರ್ ಕೂಡ ಅಷ್ಟೇ ಅಪಾಯದ್ದು.

ಆರ್ಮ್ ಇಳಿಬಿಟ್ಟಾಗ ಬ್ರೇಕ್ ಮೆದುಗೊಳವೆಯೂ ಎಬಿಎಸ್ ತಂತಿಯೂ ಎಳೆದುಕೊಳ್ಳದಂತೆ ಮೊದಲೇ ಬಿಡಿಸಿಟ್ಟುಕೊಳ್ಳಿ. ಜೋಡಿಸಿದ ಮೇಲೆ ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಎಲ್ಲೂ ಬಿಗಿಯಾಗುತ್ತಿಲ್ಲವೇ ಎಂದು ನೋಡಿ.

ಇನ್ನು ಬಹಳ ಮಂದಿ ತಪ್ಪುವ ಜಾಗ: ಆರ್ಮ್ ಬುಷ್‌ಗಳ (ಆರ್ಮ್ ಚಾಸಿಗೆ ಸೇರುವಲ್ಲಿನ ರಬ್ಬರ್ ಕೊಳವೆಗಳು) ಬೋಲ್ಟನ್ನು ಸಡಿಲಿಸಿದ್ದರೆ, ಗಾಡಿ ಚಕ್ರದ ಮೇಲೆ ನಿಂತ ಮೇಲೆಯೇ ಅವನ್ನು ಪೂರ್ತಿ ಬಿಗಿಯಬೇಕು. ಗಾಳಿಯಲ್ಲಿ ತೂಗಾಡುವಾಗಲೇ ಬಿಗಿದರೆ ಒಳಗಿನ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ, ಗಾಡಿಯ ಎತ್ತರವೂ ತಪ್ಪುತ್ತದೆ. ಬಿಗಿಯಲು ಟಾರ್ಕ್ ರೆಂಚ್ ಬಳಸಿ. ಹೇಳಿದಷ್ಟು ಬಲ ಬಿದ್ದೊಡನೆ ಟಕ್ ಎಂದು ಸೂಚಿಸುವ ಸ್ಪ್ಯಾನರ್ ಇದು. ಬಿಡಿಭಾಗ ಮಾರುವ ಹಲವು ಅಂಗಡಿಗಳು ಠೇವಣಿ ಇಟ್ಟರೆ ಎರವಲು ಕೊಡುತ್ತವೆ.

9. ಆಮೇಲೆ

ಅಲೈನ್‌ಮೆಂಟ್ ಅಂಗಡಿಗೆ ಅದೇ ದಿನವೋ ಮಾರನೆಯ ದಿನವೋ ಹೋಗಿ. ಮುಗಿದ ಮೇಲೆ ಅಳತೆಯ ಚೀಟಿ ಕೇಳಿ ಪಡೆಯಿರಿ. ಅದರಲ್ಲಿ ಮೂರು ಹೆಸರು ಕಾಣುತ್ತವೆ. ಕ್ಯಾಂಬರ್ ಎಂದರೆ ಮುಂದಿನಿಂದ ನೋಡಿದಾಗ ಚಕ್ರದ ತಲೆ ಒಳಗೋ ಹೊರಗೋ ಎಷ್ಟು ವಾಲಿದೆ ಎನ್ನುವುದು. ಟೋ ಎಂದರೆ ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮೂತಿ ಒಳಮುಖವೋ ಹೊರಮುಖವೋ ಎಂಬುದು. ಕ್ಯಾಸ್ಟರ್ ಎಂದರೆ ಬದಿಯಿಂದ ನೋಡಿದಾಗ ಸ್ಟೀರಿಂಗ್ ತಿರುಗುವ ಅಕ್ಷ ಎಷ್ಟು ಹಿಂದಕ್ಕೆ ವಾಲಿದೆ ಎನ್ನುವುದು. ಲಿಫ್ಟ್ ಹಾಕಿದಾಗ ಹೆಚ್ಚಾಗಿ ಕಡಿಮೆಯಾಗುವುದು ಕ್ಯಾಸ್ಟರ್. ಕಡಿಮೆಯಾದರೆ ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ, ತಿರುವಿನ ಬಳಿಕ ಸ್ಟೀರಿಂಗ್ ತಾನಾಗಿ ನೆಟ್ಟಗಾಗದು. "ಟೋ ಸರಿಮಾಡಿದ್ದೇವೆ, ಉಳಿದದ್ದು ಆಗಲ್ಲ" ಎಂದು ಅಂಗಡಿಯವರು ಹೇಳಿದರೆ ಸುಮ್ಮನೆ ತಲೆಯಾಡಿಸಿ ಬರಬೇಡಿ. ಹೊಂದಿಸುವ ಬೋಲ್ಟ್‌ಗಳಿಗೆ ಇನ್ನೂ ಜಾಗ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಒಂದೋ ಎತ್ತರ ಅರ್ಧ ಇಂಚು ಇಳಿಸಬೇಕು, ಇಲ್ಲವೇ ಬೇರೆ ಮೇಲಿನ ಆರ್ಮ್ ಕೊಳ್ಳಬೇಕು. ಆರ್ಮ್ ಜೋಡಿ ಇಡೀ ಕಿಟ್‌ಗಿಂತ ದುಬಾರಿ. ನಾನಾದರೆ ಇಳಿಸುತ್ತೇನೆ.

ಮೊದಲ 500 ಮೈಲಿ ಓಡಿಸಿದ ಮೇಲೆ ಯು ಬೋಲ್ಟ್‌ಗಳನ್ನೂ ಮುಂದಿನ ಬೋಲ್ಟ್‌ಗಳನ್ನೂ ಮತ್ತೊಮ್ಮೆ ಟಾರ್ಕ್ ರೆಂಚಿನಿಂದ ನೋಡಿ. ಒಂದಾದರೂ ಸ್ವಲ್ಪ ತಿರುಗಿಯೇ ತಿರುಗುತ್ತದೆ. ಅಲ್ಲಿಯವರೆಗೆ ಇಳಿಜಾರಿನ ತಿರುವುಗಳಲ್ಲಿ ನಿಧಾನ; ಗಾಡಿಯ ಭಾರ ಮೇಲಕ್ಕೆ ಹೋಗಿದೆ, ನಿಮ್ಮ ಕೈಗೆ ಇನ್ನೂ ಹಳೆಯ ಗಾಡಿಯದೇ ರೂಢಿ.

ಹೆಡ್‌ಲೈಟ್ ಮರೆಯಬೇಡಿ. ಲಿಫ್ಟ್ ಹಾಕುವ ಹಿಂದಿನ ರಾತ್ರಿ ಗಾಡಿಯನ್ನು ಗೋಡೆಯಿಂದ 25 ಅಡಿ ದೂರ ನಿಲ್ಲಿಸಿ ಲೋ ಬೀಮ್ ಹಾಕಿ. ಬೆಳಕಿನ ಮೇಲಂಚು ದೀಪದ ನಡುಬಿಂದುವಿನ ಎತ್ತರಕ್ಕಿಂತ ಎಷ್ಟು ಕೆಳಗೆ ಬಿದ್ದಿದೆ ಎಂದು ಗೋಡೆಗೆ ಟೇಪ್ ಅಂಟಿಸಿ ಅಳೆಯಿರಿ. ಲಿಫ್ಟ್ ಆದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ, ದೀಪದ ಹಿಂದಿರುವ ಸ್ಕ್ರೂ ತಿರುಗಿಸಿ, ಹೊಸ ಎತ್ತರದಿಂದ ಅಷ್ಟೇ ಕೆಳಗೆ ಬೀಳುವಂತೆ ಮಾಡಿ. ನೀವು ಸದಾ ಹೊರೆ ಹೇರುವವರಾದರೆ ತೊಟ್ಟಿಯಲ್ಲಿ ಆ ಹೊರೆ ಇಟ್ಟುಕೊಂಡೇ ಇನ್ನೊಮ್ಮೆ ನೋಡಿ.